ಮಳೆ ನಿಂತ ಮೇಲೆ ಕೂಗಿದ ಜಿಂಕೆ

ಜಹೀರಾಬಾದ,
ಮಹಾನವಮಿಯ ಮುನ್ನಾದಿನ

ತಾಂಡೂರಿನ ವೈಜಿನಾಥ ಮಾಸ್ತರರಿಗೆ ತಾರಾ ಮಾಡುವ ಶರಣು.

ಈ ಬೆಳಿಗ್ಗೆ ಅಪ್ಪನ ತಂಗಿ, ನಮ್ಮ ಉಮಾ ಅತ್ತೆಯ ಅಂಗೈಗೆ ಮೆತ್ತಿದ್ದ ಜೋಳದ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದವರು, ಹಿತ್ತಲ ಬೇಲಿಗೆ ಕಿವಿಗೊಟ್ಟು ಅಷ್ಟು ಹೊತ್ತು ನಿಂತಿದ್ದರು. ಒಳಗೆ ಹಂಚು ಹೊಗೆಯಾಡುತ್ತಿತ್ತು. ಅತ್ತೆ ಒಲೆಯ ಮೇಲಿನ ಹಂಚು ಮರೆತದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅದಕ್ಕೆ ಕಾರಣ ನೀವು.

ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ಜ್ಯೇಷ್ಠದಲ್ಲಿ ನೀವು ನನ್ನನ್ನು ನೋಡಲು ಬಂದಾಗ ನಾನು ತಲೆಯನ್ನೇ ಎತ್ತಲಿಲ್ಲ. ನಾನು ನೋಡಿದ್ದು ನಿಮ್ಮ ಪಾದಗಳನ್ನು, ಅವುಗಳ ಪಕ್ಕದಲ್ಲಿ ನಿಮ್ಮ ಸೋದರಮಾವ ಶಂಕ್ರೆಪ್ಪನವರ ಪಾದಗಳನ್ನು. ಹಾಗಾಗಿ ಅಂದು ನಡೆದದ್ದನ್ನು ನನ್ನಷ್ಟು ಚೆನ್ನಾಗಿ ಕಂಡವರು ಬೇರೆ ಇಲ್ಲ.

ಹುಡುಗಿಯ ದನಿ ಕೇಳಲೆಂದು ಹಿರಿಯರು ಏನಾದರೊಂದು ಕೇಳುವುದು ರೂಢಿಯಷ್ಟೇ. ನಮ್ಮ ಮನೆಯ ಹಿಂದೆ, ಬೇಲಿಯಾಚೆ, ಜಾಗೀರದಾರರ ದೊಡ್ಡ ತೋಟ, ಬಾಗು. ಅಪ್ಪ ಅಲ್ಲಿ ಲೆಕ್ಕ ಬರೆಯುವ ಮುನ್ಶಿ. ಹಡಗಿನಲ್ಲಿ ತರಿಸಿದ ವಿಲಾಯತಿ ಜಿಂಕೆಗಳು ಹೋದ ಮಾಘದಲ್ಲಷ್ಟೇ ಅಲ್ಲಿಗೆ ಬಂದಿದ್ದವು. ನಿಮ್ಮ ಮಾವನವರು ಅವುಗಳ ಮಾತನ್ನೇ ಎತ್ತಿ, "ಆ ಗಂಡು ಜಿಂಕಿ ಯಾವಾಗ ಕೂಗ್ತದವ್ವ?" ಎಂದರು. ಹೈದರಾಬಾದಿನಲ್ಲಿ ಬಿ.ಎ. ಓದಿ ಬಂದ ನನಗೆ ದನಿಯೇ ಹೊರಡಲಿಲ್ಲ. ನನ್ನ ಪರವಾಗಿ ಅತ್ತೆ ಹೇಳಿದರು: "ಇನ್ಯಾವಾಗರಿ? ಮಿರಗದ ಮಳಿ ಬೀಳಲಿ, ಕೂಗ್ತದ."

ನೀವು ಸುಮ್ಮನಿರಬಹುದಾಗಿತ್ತು. ಆದರೆ ಹೇಳಿಯೇಬಿಟ್ಟಿರಿ: "ಇಲ್ರಿ ಅವ್ವಾರ, ಮಳಿಗೂ ಇದಕೂ ಸಂಬಂಧಿಲ್ರಿ. ನಮ್ಮ ಕಡಿ ಜಿಂಕಿ ಮಾತ ಬ್ಯಾರೆ. ಇವು ಥಂಡಿ ದೇಶದವು. ಹಗಲು ಗಿಡ್ಡ ಆಗ್ಕೋತ ಹೋದಂಗ, ಆ ಬೆಳಕಿನ ಲೆಕ್ಕ ಕಣ್ಣಿನಿಂದ ಮೈಗೆ ತಿಳೀತದ್ರಿ. ಆಗ ಗಂಡು ಬೆದಿಗೆ ಬಂದು, ಹೆಣ್ಣಿನ…"

ಅಷ್ಟರಲ್ಲಿ ನಿಮ್ಮ ಮಾವನವರ ಹಿಮ್ಮಡಿ ನಿಮ್ಮ ಹೆಬ್ಬೆರಳಿನ ಮೇಲೆ ಬಿತ್ತು. "ಹೆಣ್ಣ ನೋಡಾಕ ಬಂದೀವೋ ತಮ್ಮಾ, ಜಿಂಕಿ ನೋಡಾಕ ಅಲ್ಲ." ನಾನು ಸೆರಗು ಕಚ್ಚಿಕೊಂಡು ಒಳಗೆ ಓಡಿದೆ. ಅಳು ಬಂದಿತೆಂದು ಎಲ್ಲರೂ ತಿಳಿದರು. ನನಗೆ ಬಂದದ್ದು ನಗು, ವೈಜಿನಾಥ ಅವರೇ. ಈಗಲೂ ಬರುತ್ತಿದೆ.

ನೀವು ಹೋದ ಮೇಲೆ ಅತ್ತೆ ಕೆಂಡವಾದರು. "ಹೆಣ್ಣಮಕ್ಕಳ ಮುಂದ ಬೆದಿ ಮಾತಾಡ್ತಾನ! ಬ್ಯಾಡ ಈ ಸಂಬಂಧ." ಅಪ್ಪ ಮೀಸೆಯಲ್ಲೇ ನಕ್ಕು, "ಅಂವ ಹೇಳಿದ್ದು ಖರೇ ಆದರ?" ಎಂದರು. "ಖರೇ ಆದರ ನನ್ನ ಕೈಲೇ ಸಕ್ಕರಿ ಕಟ್ಟಿ ಕಳಸ್ತೀನಿ. ಮಳಿಗೆ ಕೂಗ್ತಂದ್ರ ಮಾತ ಮುಗೀತು" ಎಂದರು ಅತ್ತೆ. ಒಪ್ಪಿಗೆಯಾದರೆ ಸಕ್ಕರೆ ಹೋಗುತ್ತದೆ, ಇಲ್ಲವಾದರೆ ಏನೂ ಹೋಗುವುದಿಲ್ಲ. ಇಷ್ಟು ತಿಂಗಳು ಏನೂ ಬರದೇ ಇದ್ದುದಕ್ಕೆ ನೀವು ಏನೆಂದುಕೊಂಡಿರೋ ಎಂಬುದೇ ನನ್ನ ಚಿಂತೆಯಾಗಿತ್ತು.

ಮಿರಗ, ಆ ಮೃಗಶಿರಾ ಮಳೆ, ಸುರಿಯಿತು. ಅತ್ತೆ ಕಂಬಳಿ ಕೊಪ್ಪೆ ಹಾಕಿಕೊಂಡು ಬೇಲಿಗೆ ಹೋಗಿ ನಿಂತರು. ಜಿಂಕೆ ಮೆಲುಕು ಹಾಕುತ್ತ ಅವರನ್ನೇ ನೋಡಿತು. "ಸಣ್ಣ ಮಳಿ ಇದು, ಆರಿದ್ರಾಕ್ಕ ಕೂಗ್ತದ" ಎಂದರು. ಆರಿದ್ರೆಗೂ ಕೂಗಲಿಲ್ಲ, ಪುಷ್ಯಕ್ಕೂ ಇಲ್ಲ. ಊರೆಲ್ಲ ಮಳೆಗೆ ಹಿಗ್ಗುತ್ತಿದ್ದಾಗ ನಾನೊಬ್ಬಳು ಪ್ರತಿ ಗುಡುಗಿಗೂ ಒಂದು ಮೂಕಪ್ರಾಣಿಯನ್ನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ: ಇವತ್ತೊಂದು ದಿನ ಸುಮ್ಮನಿರಪ್ಪ.

ನೀವು ಹೇಳಿದ ಬೆಳಕಿನ ಲೆಕ್ಕವನ್ನೂ ನಾನು ನೋಡಿಕೊಂಡೆ. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಓದುವುದು ನನ್ನ ಅಭ್ಯಾಸ. ಜ್ಯೇಷ್ಠದಲ್ಲಿ ಅತ್ತೆಯ ರೊಟ್ಟಿ ಮುಗಿದರೂ ಅಕ್ಷರ ಕಾಣುತ್ತಿದ್ದವು. ಭಾದ್ರಪದದ ಹೊತ್ತಿಗೆ ಅವರು ಹಿಟ್ಟು ನಾದುವಾಗಲೇ ಪದ್ಯದ ನಡುವೆ ಕತ್ತಲಾಗತೊಡಗಿತು. ಅದೇ ದಿನಗಳಲ್ಲಿ ಗಂಡು ಜಿಂಕೆ ಅಂಗೈಯಂತೆ ಅಗಲವಾದ ತನ್ನ ಕೊಂಬನ್ನು ಜಾಲಿಗೆ ತಿಕ್ಕಿ, ಮೇಲಿನ ಮಖಮಲ್ಲಿನಂಥ ತೊಗಲನ್ನು ಕಳಚಿತು. ಒಂದು ಚೂರು ಮುಳ್ಳಿಗೆ ಜೋತಾಡುತ್ತಿತ್ತು. ಕೂಗುವ ಕಾಲ ಹತ್ತಿರವಾಯಿತೆಂದುಕೊಂಡೆ, ಯಾರಿಗೂ ಹೇಳಲಿಲ್ಲ.

ಮಳೆ ನಿಂತು ವಾರಗಳಾದವು. ಈ ಬೆಳಿಗ್ಗೆ, ಒಂದು ಮೋಡವೂ ಇಲ್ಲದ ಆಕಾಶದ ಕೆಳಗೆ, ಬೇಲಿಯಾಚೆಯಿಂದ ಗೊರಕೆಯಂಥ ದಪ್ಪ ಕೂಗು ಕೇಳಿತು. ಮತ್ತೆ ಮತ್ತೆ ಕೇಳಿತು. "ಅಣ್ಣನ ಗೊರಕಿ ಅದು" ಎಂದರು ಅತ್ತೆ. ಅಪ್ಪ ಬೇವಿನ ಕಡ್ಡಿ ಜಗಿಯುತ್ತ ಅವರ ಬೆನ್ನ ಹಿಂದೆಯೇ ನಿಂತಿದ್ದರು. "ನಾ ಎದ್ದು ಎಷ್ಟೊತ್ತಾತು, ಉಮಾ."

ಅತ್ತೆ ಕೈ ತೊಳೆದುಕೊಂಡರು. ಸಕ್ಕರೆ ಡಬ್ಬಿ ಇಳಿಸಿ, ಬಿಳಿ ವಸ್ತ್ರ ಹಾಸಿ, ತಟ್ಟನೆ ನನ್ನ ಕಡೆ ತಿರುಗಿದರು. "ಜಿಂಕಿ ಹೇಳ್ತು, ನಿಮ್ಮಪ್ಪ ಹೇಳ್ದ. ನೀ ಏನಂತಿ? ನಿನ್ನ ಮನಸ ಯಾರೂ ಕೇಳೇ ಇಲ್ಲಲ್ಲ."

ಉತ್ತರ ಹೇಳುವ ಮೊದಲು ನಿಮಗೆ ಬರೆಯಬೇಕೆನಿಸಿತು. ಒಳಗೆ ಬಂದು ಇದನ್ನು ಬರೆಯುತ್ತ ಕುಳಿತಿದ್ದೇನೆ. ಸಕ್ಕರೆ ಇನ್ನೂ ವಸ್ತ್ರದ ಮೇಲೇ ಇದೆ.

ಈಗ ಏಳುತ್ತೇನೆ. ಇಬ್ಬರ ಎದುರೂ "ನನಗ ಒಪ್ಪಿಗಿ ಅದ" ಎಂದು ಕೇಳುವಂತೆ ಹೇಳಿ, ಆ ಗಂಟನ್ನು ನಾನೇ ಕಟ್ಟುತ್ತೇನೆ. ಈ ಕಾಗದವೂ ಅದರೊಳಗೇ ಬರುತ್ತದೆ. ನೀವು ಬಂದಾಗ ಅಂದು ಅರ್ಧಕ್ಕೆ ನಿಂತ ಮಾತನ್ನು ಪೂರ್ತಿ ಹೇಳಬೇಕು. ನಾನು ತಲೆ ಎತ್ತಿ ಕೇಳುತ್ತೇನೆ. ನಿಮ್ಮ ಮಾವನವರನ್ನು ಕಂಬದ ಆಚೆ ಕೂರಿಸುತ್ತೇವೆ. ಅಲ್ಲಿಂದ ಅವರ ಕಾಲು ನಿಮಗೆ ತಲುಪುವುದಿಲ್ಲ.

ವಿಕಾರಾಬಾದಿನಲ್ಲಿ ಬದಲಿಸುವ ರೈಲುಗಾಡಿ ನಿಮಗೆ ತಪ್ಪದಿರಲಿ. ಬೆಳಕಿರುವಾಗಲೇ ನಮ್ಮ ಮನೆ ಸೇರುವಂತಾಗಲಿ.

ದನಿ ಬಂದ ಹುಡುಗಿ,
ತಾರಾ