ಬನ್ನಿ ಕೊಡಲು ಚಾಚಿದ ಕೈ

ಹಿಟ್ನಾಳ, ಬನ್ನಿಯ ಮರುದಿನ

ಅಣ್ಣ ದುರಗೇಶನಿಗೆ ತಂಗಿ ಕನಕಮ್ಮನ ನಮಸ್ಕಾರ.

ನಿನ್ನ ಶಾಂತಿಪಡೆಯ ನೀಲಿ ಟೋಪಿಯಿಂದ ರಕ್ತ ಸೋರುವ ಕನಸು ಬಿತ್ತು. ಅಲ್ಲಿ ಕ್ಷೇಮ ಇದ್ದೀಯಲ್ಲ? ನಿನ್ನೆ ನಿಮಗೆ ವಿಶ್ವಸಂಸ್ಥೆಯ ದಿನ, ನಮಗೆ ಬನ್ನಿ ಹಬ್ಬ. "ಪರದೇಶದವರ ಜಗಳ ಬಿಡಸಾಕ ನಾ ಬಂದೀನಿ, ನಿಮಗ ಒಂದು ಬದುವಿನ ಜಗಳ ಬಿಡಾಕ ಆಗವಲ್ದೇನು? ಬನ್ನಿ ಕೊಟ್ಟು ಮುಗಸ್ರಿ" ಎಂದು ಅಪ್ಪನಿಗೆ ನೀನೇ ಫೋನಿನಲ್ಲಿ ಹೇಳಿದ್ದೆ. ಅಪ್ಪ ಕಾಕಾನ ಮನೆಗೆ ಹೋದ.

"ಬನ್ನಿ ತಗೊಂಡು ಬಂಗಾರದಂಗ ಇರೋಣಪ್ಪ" ಎಂದು ಕೈ ಚಾಚಿದ.

"ಬದು ಒತ್ತಿದ ಕೈ ಇದ ಅಲ್ಲೇನು ದೊಡ್ಡಪ್ಪ?" ಎಂದು ಕಾಕಾನ ಮಗ ಹೊಳಿಯಪ್ಪ ಕುಡಗೋಲು ಬೀಸಿದ. ಎರಡು ಬೆರಳು ಬನ್ನಿ ಎಲೆಯ ಜೊತೆಗೇ ಹೊಸ್ತಿಲ ಮೇಲೆ ಬಿದ್ದವು. ಕೊಪ್ಪಳದ ದವಾಖಾನೆಯಲ್ಲಿ ಹೊಲಿಗೆ ಹಾಕಿದರು, ಬೆರಳು ಕೂಡಿಸಲು ಆಗಲಿಲ್ಲ.

ಈಗ ತಮ್ಮ ಮರಿಸ್ವಾಮಿ ಕೊಡಲಿ ಮಸೆದಿದ್ದಾನೆ. ಅದನ್ನು ಜೋಳದ ಚೀಲದೊಳಗೆ ಹುಗಿದಿದ್ದೇನೆ, ಮನೆಯೆಲ್ಲ ಹುಡುಕುತ್ತಿದ್ದಾನೆ. ಅವನೆದುರು ಫೋನು ಮಾಡಲಾರದೆ ಈ ಕಾಗದದ ಫೋಟೋ ಕಳಿಸುತ್ತೇನೆ. ನೀನು ಹೇಳಿ ಕಳಿಸಿದ್ದೆಂದು ಅವನು ಮೊಬೈಲಿನಲ್ಲಿ ಒಂದು ಮಾತು ಕೇಳಿಸಿದ: "ಎರಡು ಬೆರಳಿಗೆ ಅವನ ಎರಡೂ ಕೈ ಕಡಿ, ನಾ ಅದೀನಿ." ದನಿ ನಿನ್ನದರಂತೆಯೇ ಇತ್ತು. ಆದರೆ ನೀನು ಅಂಥವನಲ್ಲ. ಅದು ನಿನ್ನ ಫೋನಿನಿಂದಲೇ ಬಂದದ್ದೇ, ಇನ್ನೊಮ್ಮೆ ನೋಡಿ ಹೇಳು.

ಉತ್ತರ ಬರುವವರೆಗೆ ಚೀಲದ ಮೇಲೆಯೇ ಕೂತಿರುವ,
ಕನಕಮ್ಮ