ಹಲಗಿ ಹಿಂದಿನ ಬಲಗಾಲು

ಖಟಕ ಚಿಂಚೋಳಿ
ಶುಕ್ರವಾರ, ೧೮ ಏಪ್ರಿಲ್ ೨೦೦೩

ನನ್ನ ಮಗ ಮಡೆಪ್ಪಾ,

ಮೊದಲ ನಿನ್ನ ಮೈ ಹ್ಯಾಂಗದ ಅದು ಹೇಳು. ಜ್ವರ ಗಿರ ಇಲ್ಲಲ್ಲ? ಹೈದರಾಬಾದಿನಾಗ ಬಿಸಲ ಭಾಳ ಅದ ಅಂತ ರೇಡಿಯೋದಾಗ ಹೇಳಿದರು. ನಿಚ್ಚಣಿಕಿ ಮ್ಯಾಲ ನಿಂತು ಕೆಲಸ ಮಾಡೂದಿದ್ದರ ಎರಡ ದಿನ ಬಿಟ್ಟುಬಿಡು, ಯಾರೇನ ಅಂದರೂ ಅನ್ನಲಿ. ಈ ಸಲ ಬರೇ ಆರಾಮ ಅದೀನಿ ಅಂತ ಒಂದ ಸಾಲು ಗೀಚಿ ತಪ್ಪಿಸಿಕೋಬ್ಯಾಡ. ಎದಿ, ಹೊಟ್ಟಿ, ಕೈಕಾಲು ಎಲ್ಲಾ ಹ್ಯಾಂಗವ ಒಂದೊಂದ ಬರಿ. ಫೋನ್ ಮಾಡಬಹುದಿತ್ತು, ಆದರ ಎಸ್.ಟಿ.ಡಿ. ಅಂಗಡ್ಯಾಗ ಬಸವಣ್ಣೆಪ್ಪ ಕಿವಿ ನಿಗರಿಸಿಕೊಂಡು ಕೂತಿರ್ತಾನ, ನಾ ಇಲ್ಲಿ ಹಲೋ ಅನ್ನೂದರಾಗ ಅಲ್ಲಿ ಊರಿಗೆಲ್ಲ ಗೊತ್ತಾಗಿರ್ತದ. ಅದಕ್ಕ ಮುದುಕ್ಯಾರ ಸಾಲ್ಯಾಗ ಕಲಿತ ಅಕ್ಷರದಾಗೇ ಬರದೀನಿ. ತಪ್ಪಿದ್ದರ ನಗಬ್ಯಾಡ, ಪೂರಾ ಓದು.

ಮನಿ ಕಡಿ ಸುದ್ದಿ ಹೇಳ್ತೇನಿ. ನಿಮ್ಮಪ್ಪ ಕುರಿ ಹೊಡಕೊಂಡು ಕಾರಂಜಾ ನೀರಿನ ಕಡಿ ಹೋಗಿ ಹದಿನೈದ ದಿನ ಆಯ್ತು. ಊರಾಗಿನ ಬಾವಿ ಎಲ್ಲಾ ಒಣಗ್ಯಾವ, ಟ್ಯಾಂಕರ್ ದಿನ ಬಿಟ್ಟು ದಿನ ಬರ್ತದ, ಓಣ್ಯಾಗ ಅರ್ಧ ಮನಿಗಿ ಕೀಲಿ ಬಿದ್ದಾವ. ನಿನ್ನ ಹೆಣ್ತಿ ಸುಂದರಬಾಯಿಗಿ ಎಂಟ ತಿಂಗಳಾಗ ಬಿದ್ದದ. ಚೊಚ್ಚಲ ಹಡಿಯೂದು ತವರಮನ್ಯಾಗ ಆಗಬೇಕು ಖರೆ, ಆದರ ಅವರವ್ವ ಅಪ್ಪ ಕಬ್ಬ ಕಡೀಲಾಕ ಹೋದವರು ಇನ್ನಾ ಹೊಳ್ಳಿ ಬಂದಿಲ್ಲ. ಎಪ್ಪತ್ತೆರಡರ ಬರದಾಗ ನಂದೂ ಇದೇ ಕತಿ ಆಗಿತ್ತು, ನಮ್ಮ ತವರಮನಿ ಮಂದಿ ಊರು ಬಿಟ್ಟಿದ್ದರು, ನಿನ್ನ ಇದೇ ಮನ್ಯಾಗ ಇದೇ ಒಳಖೋಲ್ಯಾಗ ಹಡದೆ. ಆ ಖೋಲಿ ಗೋಡಿಗಿ ಬಡಿದ ಹಲಗಿ ಒರಲಿ ತಿಂದು ಹಪ್ಪಳ ಆಗಿತ್ತು. ಬಾಣಂತಿ ಮಗ್ಗಲಕ್ಕ ಅಂಥಾ ಹಲಗಿ ಇರಬಾರದು. ಬಡಗ್ಯಾ ನಜಮೋದ್ದೀನ ಪುಣೆಕ್ಕ ಹೋಗಿ ಕೂತಾನ. ನೀ ಅಲ್ಲಿ ದೊಡ್ಡ ಮಂದಿ ಮನಿಗಿ ಪ್ಲೈ ಹಲಗಿ ಬಡೀತಿ, ಇಲ್ಲಿ ನಿನ್ನ ಮನಿ ಹಲಗಿ ನಿಮ್ಮವ್ವ ಬಡೀಬೇಕು. ಭಲೇ ಮಗನ! ಆದರ ಹ್ಯಾಂಗ ಬಡೀಬೇಕಂತ ನೀ ಬರದು ಕಳಿಸಿದ ಕಾಗದ ಎದುರಿಗಿ ಇಟಗೊಂಡು ಹಂಗೇ ಮಾಡೀನಿ. ಭಾಲ್ಕಿಯಿಂದ ಪ್ಲೈ ಬಸ್ಸಿನ ಟಪ್ಪಿನ ಮ್ಯಾಲ ಹಾಕಿಸಿಕೊಂಡು ತಂದೆ. ಕಂಡಕ್ಟರ್ ಇದೇನ ಆಯೀ, ಬಾಗಲ ಹೊತಗೊಂಡು ಹೊಂಟೀರಿ ಅಂದ. ಬಾಗಲ ಅಲ್ಲಪಾ, ಗೋಡಿ ಅಂದೆ.

ಈಗ ಹೇಳೂದು ಚಲೋತ್ನಂಗ ಕೇಳು. ಹಲಗಿ ತಗಿಯೂದಕ್ಕಿಂತ ಮೊದಲೇ ಆ ಗೋಡಿ ನೆಟ್ಟಗಿರಲಿಲ್ಲ. ಮಟಮಟ ಮಧ್ಯಾಹ್ನ ಓಣ್ಯಾಗ ನಾಯಿ ಸುದ್ದಾ ಮಿಸುಕೂದಿಲ್ಲ, ಆ ಹೊತ್ತಿಗಿ ಸುಂದರಬಾಯಿ ಹಲಗಿಗಿ ಬೆನ್ನ ಹಚ್ಚಿ ಮಲಗ್ತಿದ್ದಳು. ಅತ್ತಿ, ಹಿಂದಿನಿಂದ ಯಾರೋ ಉಸರ ಬಿಟ್ಟಂಗ ಆಗ್ತದರಿ ಅಂತಿದ್ದಳು. ಹುಚ್ಚಿ, ಸೆಕಿ ಅದ ಅಂತ ಬೈದೆ. ಒಂದ ದಿನ ನಾನೇ ಅಂಗೈ ಇಟ್ಟು ನೋಡಿದೆ. ಹಲಗಿ ಎಲ್ಲಾ ತಣ್ಣಗದ, ನಡುವ ಒಂದ ಗೇಣ ಜಾಗಾ ಮಾತ್ರ ಮಲಗಿದ ಕೂಸಿನ ನೆತ್ತಿಯಂಗ ಬೆಚ್ಚಗದ. ಆಕಿ ಬೆನ್ನ ಅಲ್ಲಿ ಹತ್ತಿದರ ಸಾಕು, ಹೊಟ್ಟ್ಯಾಗಿನ ಕೂಸು ಒದೀಲಾಕ ಸುರು ಮಾಡ್ತಿತ್ತು. ಎದ್ದು ಈಚಿ ಕಡಿ ಬಂದರ ಸುಮ್ಮನಾಗ್ತಿತ್ತು. ನನಗ ಅಂಜಿಕಿ ಬಂತು, ಸುಳ್ಳ ಯಾಕ ಹೇಳ್ಲಿ.

ನಮ್ಮ ಮನಿ ಪದ್ಧತಿ ನಿನಗ ಗೊತ್ತಿಲ್ಲ, ಗಂಡಮಕ್ಕಳಿಗಿ ಯಾರ ಹೇಳ್ತಾರ. ಹಡದ ಐದನೇ ದಿನ ಸಟವಿ ತಾಯಿ ಬಂದು ಕೂಸಿನ ಹಣಿಬರಹ ಬರೀತಾಳಲ್ಲ, ಆಕಿ ಪೂಜಿ ಮಾಡಿ ಕೂಸಿನ ಬಲಗಾಲಿಗಿ ಅರಿಶಿಣ ಹಚ್ಚಿ ಗೋಡಿಗಿ ಒತ್ತತೇವಿ. ಒಂದ ಕೂಸಿಗಿ ಒಂದ ಹೆಜ್ಜಿ. ಬದುಕಿದವರ ಹೆಜ್ಜಿ ಒರಸಬಾರದು. ಕೂಸು ತೀರಿಕೊಂಡರ ಮಾತ್ರ ಶಗಣಿ ಹಚ್ಚಿ ಸಾರಿಸಿಬಿಡ್ತೇವಿ. ನಿನ್ನ ತಂಗಿ ಎರಡ ವರ್ಷದಾಕಿ ಹೋದಾಗ ಬಾಗಲ ಕಡಿ ಗೋಡಿ ಮ್ಯಾಲಿನ ಆಕಿ ಹೆಜ್ಜಿ ಸಾರಿಸಿದ್ದು ನಾನೇ ಕಣ್ಣಾರೆ ನೋಡೀನಿ. ನಿನ್ನ ಹೆಜ್ಜಿ ಮಾತ್ರ ನಾ ಒಮ್ಮಿನೂ ನೋಡಿರಲಿಲ್ಲ. ನಿನ್ನ ಹಡದ ಮ್ಯಾಲ ಎಂಟೊಂಬತ್ತ ದಿನ ನನಗ ಜ್ವರದಾಗ ಖಬರ ಇರಲಿಲ್ಲ. ಕಣ್ಣ ತೆರೆಯೂದರಾಗ ನಮ್ಮ ಅತ್ತಿ ಕೇಶರಬಾಯಿ ಆ ಗೋಡಿಗಿ ಹಲಗಿ ಬಡಿಸಿದ್ದರು. ಗೋಡಿ ಹಸಿ ಹಿಡದದ, ಬೆನ್ನಿಗಿ ತಂಪ ಹತ್ತತದ, ನಿನ್ನ ಮಗನ ಹೆಜ್ಜಿ ಹಿಂದ ಭದ್ರ ಅದ ಅಂದರು. ಕುಡೀಲಾಕ ನೀರಿಲ್ಲದ ವರ್ಷ ಗೋಡಿಗಿ ಹಸಿ ಎಲ್ಲಿಂದ ಬಂತು ಅಂತ ಕೇಳೂ ಬುದ್ಧಿ ನನಗ ಬರಲಿಲ್ಲ. ಇನ್ನೊಂದ ಮಾತು ಮಾತ್ರ ಅತ್ತಿಗಿ ಕೇಳಿದ್ದೆ. ಹಡಿಯೂ ಹೊತ್ತಿನಾಗ ನನಗ ಎರಡ ಅಳು ಕೇಳಿಸಿದ್ದವು ಮಡೆಪ್ಪಾ. ಒಂದರ ಹಿಂದ ಒಂದು. ಅತ್ತಿ ಒಂದೇ ಅದ ಅಂದರು, ಜ್ವರದ ಭ್ರಮಿ ಅಂದರು. ಮೂವತ್ತ ವರ್ಷ ನಾ ಭ್ರಮಿ ಹಿಡದಾಕಿ ಅಂತ ತಿಳಕೊಂಡೇ ಬಾಳೇವು ಮಾಡೀನಿ.

ಸೋಮವಾರ ನೀ ಹೇಳಿದಂಗ ಜಂಬೂರದಿಂದ ಮೊಳಿ ಕಿತ್ತೆ. ಕೆಳಗಿನವು ಪುಡಿ ಆಗಿ ಬಂದವು, ಮ್ಯಾಲಿನ ನಾಕು ಜೀವಾ ತಿಂದವು. ಹಲಗಿ ಈಚಿ ಬಂದ ಕೂಡಲೇ ಹಸಿ ಅರಿಶಿಣದ ವಾಸನಿ ಖೋಲಿ ತುಂಬಿತು. ಗೋಡಿ ಮ್ಯಾಲ ಒಂದ ಹೆಜ್ಜಿ ಇರಬೇಕಾಗಿತ್ತು, ಎರಡ ಇದ್ದವು. ಒಂದ ಮಗ್ಗಲಕ್ಕ ಒಂದು, ನನ್ನ ಹೆಬ್ಬಟ್ಟಿನಕ್ಕಿಂತ ಸ್ವಲ್ಪ ದೊಡ್ಡವು. ಒಂದೇ ಕೂಸಿನ ಎರಡ ಕಾಲ ಒತ್ತ್ಯಾರ ಅಂತ ಮನಸಿಗಿ ಸಮಾಧಾನ ಮಾಡಿಕೊಂಡು ಬೊಟ್ಟಗೋಳು ನೋಡಿದೆ. ದೊಡ್ಡ ಬೊಟ್ಟು ಎರಡರಾಗೂ ಒಂದೇ ಕಡಿ. ಎರಡೂ ಬಲಗಾಲೇ. ಮುಟ್ಟಿದೆ, ನನ್ನ ಬೊಟ್ಟಿಗಿ ಅರಿಶಿಣ ಹತ್ತಿತು. ಮೂವತ್ತ ವರ್ಷದ ಹಿಂದಿನ ಅರಿಶಿಣ ಹಸಿ ಇತ್ತಪಾ, ಈಗ ಒತ್ತಿದಂಗ.

ಆಗ ನಾ ಮಾಡಿದ್ದು ಕೇಳಿದರ ನೀ ಬೈತಿ. ಗಡಿಬಿಡ್ಯಾಗ ಹೊಸಾ ಪ್ಲೈ ಹಚ್ಚಿ, ಪೇಚಕಸದಿಂದ ತಿರುವಿ ತಿರುವಿ ಎಂಟ ಸ್ಕ್ರೂ ಬಿಗಿದೆ. ಒರಲಿ ಹತ್ತಬಾರದಂತ ನೀ ಹೇಳಿದ್ದ ಬೇವಿನ ಎಣ್ಣಿ ಹಚ್ಚೂದೂ ಮರತೆ. ಯಾರಿಗೂ ಹೇಳಲಿಲ್ಲ. ನಮ್ಮ ಅತ್ತಿ ಏನ ಮಾಡಿದ್ದರೋ ನಾನೂ ಅದೇ ಮಾಡಿದೆ. ಬುಧವಾರ ಮಧ್ಯಾಹ್ನ ಸುಂದರಬಾಯಿ ಕೂಗಿದಳು. ಹೋಗಿ ನೋಡಿದರ ಹೊಸಾ ಹಲಗಿ ಮ್ಯಾಲ, ಈಚಿ ಕಡಿ, ಎರಡ ಸಣ್ಣ ಹಳದಿ ಹೆಜ್ಜಿ ಒಡದು ಬಂದಿದ್ದವು. ಆಕಿ ಕೈ ಹಿಡದು ಈಚಿ ಖೋಲಿಗಿ ಕರಕೊಂಡು ಬಂದೆ.

ಮರುದಿನ ಸುಂದರಬಾಯಿಗಿ ಬಾಜೂಮನ್ಯಾಗ ಕೂಡಿಸಿ ಮೊದಲ ಬಸ್ಸಿಗಿ ಠಾಣಾ ಕುಶನೂರಕ್ಕ ಹೋದೆ. ನಿನ್ನ ಹಡಿಸಿದ ಸೂಲಗಿತ್ತಿ ಚಾಂದಬೀ ಅಲ್ಲಿ ಮಗಳ ಮನ್ಯಾಗ ಅದಾರ, ಕಣ್ಣ ಹೋಗ್ಯಾವ. ನನ್ನ ದನಿ ಕೇಳಿದ ಕೂಡಲೇ ಹಲಗಿ ತಗದಿ ಏನ ಬೇಟಿ ಅಂದರು. ನಾ ಇನ್ನಾ ಒಂದ ಮಾತೂ ಹೇಳಿರಲಿಲ್ಲ! ಖರೇನೇ ಎರಡ ಕೂಸು ಹುಟ್ಟಿದ್ದವಂತ, ಎರಡೂ ಗಂಡು. ನನ್ನ ಎದಿಯಾಗ ಒಂದಕ್ಕೂ ಸಾಲೂವಷ್ಟ ಹಾಲಿರಲಿಲ್ಲ. ಆರನೇ ದಿನ ಹೈದರಾಬಾದ ಕಡಿ ಗುಳೆ ಹೊಂಟ ಮಂದಿ ನಮ್ಮ ಊರ ಅಗಸಿ ಬಾಗಲದಾಗ ಇಳದಿದ್ದರು, ಅವರಾಗ ಒಬ್ಬಾಕಿ ಕೂಸು ದಾರ್ಯಾಗ ಸತ್ತಿತ್ತು, ಎದಿ ಹಾಲಿನಿಂದ ಬಿಗದು ಅಳ್ಳಾಕತ್ತಿದ್ದಳು. ನಮ್ಮ ಅತ್ತಿ ಒಂದ ಕೂಸು ಒಯ್ದು ಆಕಿ ಉಡ್ಯಾಗ ಹಾಕಿದರು. ಬದುಕಿದ ಕೂಸಿನ ಹೆಜ್ಜಿ ಒರಸಲಾಕ ಕೈ ಬರಲಿಲ್ಲ, ನನ್ನ ಕಣ್ಣಿಗೂ ಬೀಳಬಾರದು, ಅದಕ್ಕ ಹಲಗಿ. ಆ ಹೆಜ್ಯಾಗ ಯಾವುದು ನನ್ನ ಮಡೆಪ್ಪಂದು, ಯಾವುದು ಹೋದವಂದು ಅಂತ ಕೇಳಿದೆ. ಚಾಂದಬೀ, ನೆನಪಿಲ್ಲ ಬೇಟಿ, ಎರಡೂ ಒಂದೇ ನಮೂನಿ ಇದ್ದವು ಅಂದರು. ಸತ್ತುಹೋದ ಅತ್ತಿನ ನಾ ಬೈಲಿಲ್ಲ. ಬೈಬೇಕಂತ ಬಾಯಿ ತೆರೆದೆ, ಬರೇ ಅಳು ಬಂತು.

ಬಸ್ಸಿನಾಗ ಹೊಳ್ಳಿ ಬರೂವಾಗ ನಿನ್ನ ಹೋದ ತಿಂಗಳ ಪತ್ರ ನೆನಪಾಯ್ತು. ನಗ್ಯಾಡಕೋತ ಬರದಿದ್ದಿ. ನಿಮ್ಮ ಹೈದರಾಬಾದಿನ ಅಫಜಲಗಂಜದಾಗ ಚಹಾದವ, ಈಗೇ ಕುಡದು ಹೋದಿ, ಮತ್ತ ಬಂದಿ ಏನು ಅಂದನಂತ. ಅಲ್ಲೇ ಒಬ್ಬ ಮುದುಕಿ ನಿನ್ನ ಕೈ ಹಿಡದು ಊಟಕ್ಕ ಯಾಕ ಬರಲಿಲ್ಲೋ ಅಂತ ಗದರಿಸಿದಳಂತ. ಆಗ ನಾನೂ ನಕ್ಕಿದ್ದೆ.

ಮನಿಗಿ ಬಂದು ಸ್ಕ್ರೂ ಬಿಚ್ಚಿ, ಪ್ಲೈ ಕೆಳಗ ಇಳಿಸಿ, ನಡುವ ಒಂದ ಗೇಣು ಚೌಕ ಗರಗಸದಿಂದ ಕೊಯ್ದು, ಮತ್ತ ಬಿಗಿದೆ. ಕಿಡಕಿ ಇಟ್ಟಂಗ ಆಗ್ಯಾದ. ಅಂಚು ಸೊಟ್ಟ ಅವ, ನೀ ಬಂದು ಸರಿ ಮಾಡು. ಈಗ ಎರಡೂ ಹೆಜ್ಜಿ ಕಾಣಸ್ತಾವ. ಸುಂದರಬಾಯಿ ನಿನ್ನಿ ಸಂಜಿಲೆ ಅಂಜಿಕಿ ಇಲ್ಲದಂಗ ಅಲ್ಲೇ ಮಲಗಿದಳು. ತನ್ನ ಕೂಸಿನ ಹೆಜ್ಜಿಗೂ ಅಲ್ಲೇ ಜಾಗಾ ಬಿಟ್ಟೀವಿ.

ಆಕಿ ನಿನಗ ನಮಸ್ಕಾರ ಹೇಳ್ಯಾಳ. ಸಟವಿ ತಾಯಿ ನಿನ್ನ ಹಣ್ಯಾಗ ಚಲೋದೇ ಬರದಿರಲಿ, ನಿನ್ನ ಆಯುಷ್ಯ ದೊಡ್ಡದಿರಲಿ.

ನಿಮ್ಮವ್ವ
ಅಂಜನಾಬಾಯಿ

ತಾ.ಕ. ಪಾಕೀಟ ಅಂಟಿಸಿದ್ದೆ, ಅದನ್ನ ಹರದು ಇಷ್ಟು ಮತ್ತ ಬರದೀನಿ. ಈಗ ಒಳಗ ಹೋಗಿ ನೋಡಿದರ ಒಂದ ಹೆಜ್ಜಿ ಹಿಮ್ಮಡಿ ಕಡಿಯಿಂದ ಒಣಗಲಾಕತ್ತದ. ಇನ್ನೊಂದು ಹಸೀನೇ ಅದ. ಜೀವ ಇರೂತನಕ ಹೆಜ್ಜಿ ಹಸಿ ಇರ್ತದ ಅಂತ ನನಗ ಈಗ ಅನಸ್ತದ, ಒಣಗೂದು ಯಾರದು ನನಗ ಗೊತ್ತಿಲ್ಲ. ಈ ಪತ್ರ ಕೈಗಿ ಹತ್ತಿದ ಕೂಡಲೇ ಕೆಲಸ ಬಿಟ್ಟು ಆ ಚಹಾದವನ ಹತ್ತರ ಹೋಗಿ ಕೂಡು. ನಿನ್ನಂಥಾ ಮುಖ ಬರೂತನಕ ಏಳಬ್ಯಾಡ. ಆ ಮುದುಕಿ ಕಾಲಿಗಿ ಬೀಳು, ಆಕಿಗೂ ಸಂಗಾಟ ಕರಕೊಂಡು ಬಾ. ನೀ ಒಬ್ಬನೇ ಬರಬ್ಯಾಡ, ಅವನೊಬ್ಬನಿಗೇ ಕಳಿಸಬ್ಯಾಡ. ಇಬ್ಬರೂ ಬರ್ರಿ. ನಾ ಗೋಡಿ ಮುಂದ ಕೂತೀನಿ.