ಕಾಲಪಾಲನಾ ಸಂಘದ ನಡಾವಳಿ

ನವೆಂಬರ್ 4, ಸೋಮವಾರ

ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜು. ಎರಡು ಕುರ್ಚಿ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಘನತೆವೆತ್ತ ನನ್ನ ಬ್ಯಾಗು. ಮಾರ್ಚಿನಿಂದ ಇದೇ ವ್ಯವಸ್ಥೆ. ಬ್ಯಾಗು ಹೇಳಿದ್ದೆಲ್ಲ ಕೇಳುತ್ತದೆ... ನಗುವುದಿಲ್ಲ, ಅಷ್ಟೇ.

ಮಧ್ಯಾಹ್ನ ಫಾರ್ಮ್ ಮೇಡಂ ಕರೆಸಿದರು. ಶಾಲೆಯಿಂದ ಹೋಗುವ ಕಾಲೇಜು ಅರ್ಜಿಗಳೆಲ್ಲ ಇವರ ಕೈ ದಾಟಿಯೇ ಹೋಗಬೇಕು, ಅದಕ್ಕೇ ಈ ಬಿರುದು. ನನ್ನದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಾರ್ಕ್ಸ್ ಪರವಾಗಿಲ್ಲ. ಪಠ್ಯೇತರ ಚಟುವಟಿಕೆ — ಹತ್ತು ಸಾಲು. ಹತ್ತೂ ಬೋಳು.

"ಪಾಠ ಬಿಟ್ಟು ಇನ್ನೇನು ಮಾಡ್ತೀಯಮ್ಮ ನೀನು?"

"ಕೀಟಲೆ, ಮೇಡಂ."

"ವಾರಕ್ಕೆ ಎಷ್ಟು ಗಂಟೆ?"

ತಮಾಷೆ ಅಂದುಕೊಂಡೆ. ಅಲ್ಲ. ಫಾರ್ಮಲ್ಲಿ ನಿಜಕ್ಕೂ ಹಾಗೊಂದು ಕಾಲಂ ಇದೆ. ದಾಖಲೆ ಬೇಕು. ಜೊತೆಯಲ್ಲಿ ಕೆಲಸ ಮಾಡಿದ ಒಬ್ಬರಾದರೂ ಪತ್ರ ಕೊಡಬೇಕು.

"ನಿನ್ನ ಜೊತೆ ಯಾರಿದಾರೆ?"

ಬ್ಯಾಗು ಹೆಗಲಿಗೇರಿಸಿ ಎದ್ದು ಬಂದೆ. ಕೊನೆ ದಿನ 30. ಖಾಲಿ ಬಿಟ್ಟರೆ ಸೀಟಿಲ್ಲ. ಸೀಟಿಲ್ಲ ಅಂದರೆ ನನ್ನ ಗೆಳತಿ ಚಿಟಿಕೆ ಇರುವ ಊರಿಲ್ಲ.

ನವೆಂಬರ್ 5

ಚಿಟಿಕೆ ಒಂದನೇ ಕ್ಲಾಸಿಂದ ನನ್ನ ಪಕ್ಕದ ಸೀಟು. ಅವಳಪ್ಪನಿಗೆ ವರ್ಗವಾಗಿ ಮಾರ್ಚಲ್ಲಿ ಹೋದಳು. ನಮ್ಮಿಬ್ಬರ ಮಹಾಕಾರ್ಯ: ಪ್ರತಿ ಮಂಗಳವಾರ, ಶುಕ್ರವಾರ ಯಾವುದಾದರೊಂದು ಕ್ಲಾಸಿನ ಗೋಡೆ ಗಡಿಯಾರವನ್ನು ಏಳು ನಿಮಿಷ ಮುಂದಕ್ಕೆ ತಿರುಗಿಸುವುದು. ಅವಳು ಬಾಗಿಲಲ್ಲಿ ಕಾವಲು, ನಾನು ಬೆಂಚಿನ ಮೇಲೆ. ಏಳೇ ನಿಮಿಷ. ಎಂಟಾದರೆ ಸಿಕ್ಕಿಬೀಳುತ್ತೇವೆ ಅನ್ನುವುದು ಅವಳ ಸಿದ್ಧಾಂತ. ಅವಳು ಹೋದ ಮೇಲೆ ಒಮ್ಮೆ ಪ್ರಯತ್ನಿಸಿದೆ. ಒಬ್ಬಳೇ ಮಾಡಿದರೆ ಅದು ಕೀಟಲೆ ಅಲ್ಲ, ಬರೀ ತಪ್ಪು. ಬಿಟ್ಟುಬಿಟ್ಟೆ.

ಆದಕಾರಣ, ಈ ಶುಭದಿನದಂದು ಕಾಲಪಾಲನಾ ಸಂಘ ಸ್ಥಾಪನೆಯಾಗಿದೆ. ಉದ್ದೇಶ: ಶಾಲೆಯ ಸಮಸ್ತ ಗಡಿಯಾರಗಳ ಯೋಗಕ್ಷೇಮ. ಅಧ್ಯಕ್ಷೆ: ನಾನು. ಸದಸ್ಯರು: ಹನ್ನೊಂದು. ಒಬ್ಬರೂ ಇನ್ನೂ ಹುಟ್ಟಿಲ್ಲ.

ಜೂನಿನಿಂದ ಹಳೇ ತಾರೀಖು ಹಾಕಿ ನಡಾವಳಿ ಬರೆಯುತ್ತಿದ್ದೇನೆ. ಹನ್ನೊಂದು ಸಹಿಗೆ ಹನ್ನೊಂದು ಪೆನ್ನು. ಮೂರು ಎಡಗೈಯಲ್ಲಿ. ಒಂದನ್ನೂ ಓದಲಾಗದು — ದೊಡ್ಡವರ ಸಹಿ ಹಾಗೇ ಇರುತ್ತದೆ. ಸಭೆಯ ಸ್ಥಳ: ಎರಡನೇ ಮಹಡಿ, ಕೊನೆಯ ರೂಮು. ಅಲ್ಲಿಗೆ ಯಾರೂ ಹೋಗುವುದಿಲ್ಲ. ಎಂಥ ತಲೆ ನನ್ನದು!

ನವೆಂಬರ್ 8, ಸಂಜೆ 5

ಅಮ್ಮ ಬಸ್ ಸ್ಟ್ಯಾಂಡಿಗೆ ಹೋಗಿಯಾಯಿತು. ವಿಚಾರಣೆ ಕೌಂಟರು, ಸಂಜೆ ಪಾಳಿ. ಊರಿಗೆಲ್ಲ ಬಸ್ಸಿನ ಸಮಯ ಹೇಳುತ್ತಾಳೆ. ನಾವಿಬ್ಬರು ಮಾತಾಡುವುದು ಫ್ರಿಜ್ಜಿನ ಬಾಗಿಲ ಮೇಲೆ, ಚೀಟಿಯಲ್ಲಿ.

ಆರನೇ ಸಭೆ. ಉಪಾಧ್ಯಕ್ಷೆ ನನ್ನ ಮೇಲೆ ಎಗರಿಬಿದ್ದಳು. "ಎಲ್ಲಾ ನೀವೇ ತೀರ್ಮಾನ ಮಾಡೋದಾದ್ರೆ ನಾವ್ಯಾಕೆ ಬರ್ಬೇಕು?" ಬರೆಯುತ್ತಾ ಬರೆಯುತ್ತಾ ನನಗೇ ಸಿಟ್ಟು ನೆತ್ತಿಗೇರಿತು. ಒಂದೂವರೆ ಪುಟ ಜಗಳ. ಕೊನೆಗೆ ರಾಜೀನಾಮೆ ಮೇಜಿನ ಮೇಲೆ ಬಿಸಾಕಿ ಹೋದಳು. ಹೊಟ್ಟೆ ತುಂಬ ಜಗಳವಾಡಿ ಎಷ್ಟು ದಿನವಾಗಿತ್ತು!

ಚಿಟಿಕೆಗೆ ಮೆಸೇಜು: ಪತ್ರ ಬರೆದುಕೊಡೇ, ಸಂಸ್ಥಾಪಕಿ ಅಂತ ನಿನ್ನ ಹೆಸರು ಹಾಕ್ತೀನಿ.

ನವೆಂಬರ್ 12

ಫ್ರಿಜ್ ಮೇಲೆ ಅಮ್ಮನ ಅಕ್ಷರ: "ಸಂಘದ ಪುಸ್ತಕ ಮೇಜಿನ ಮೇಲಿತ್ತು, ನೋಡಿದೆ ಪುಟ್ಟಿ. ಇಷ್ಟೊಂದು ಜನ! ನಂಗೆ ಹೇಳಲೇ ಇಲ್ವಲ್ಲೇ. ನೀನೊಬ್ಬಳೇ ಕೂತಿರ್ತೀಯೇನೋ ಅಂತ ಕೌಂಟರಲ್ಲಿ ಕೂತು ಯೋಚಿಸ್ತಿದ್ದೆ. ಭಾನುವಾರ ರಜ. ಎಲ್ಲರನ್ನೂ ಮನೆಗೆ ಕರ್ಕೊಂಡು ಬಾ."

ಕೆಳಗೆ ನಾನು ಬರೆದೆ: ಭಾನುವಾರ ಅವರಿಗೆ ಬೇರೆ ಕೆಲಸ ಇದೆಯಂತೆ.

ಹನ್ನೊಂದೂ ಜನಕ್ಕೆ.

ನವೆಂಬರ್ 13

ಚಿಟಿಕೆಯ ಉತ್ತರ ಬಂತು. "ಬಿಜಿ ಕಣೇ. ಆ ಗಡಿಯಾರದ್ದೆಲ್ಲ ಇನ್ನೂ ಹಿಡ್ಕೊಂಡಿದೀಯಾ? ಆಗ ಚಿಕ್ಕವರಿದ್ವಿ."

ಮಾರ್ಚಲ್ಲಿ. ಎಂಟು ತಿಂಗಳ ಹಿಂದೆ ನಾವು ಚಿಕ್ಕವರಿದ್ದೆವು.

ನವೆಂಬರ್ 20, ಬುಧವಾರ

ಒಂದು ವಾರ ಸಭೆ ಸೇರಲಿಲ್ಲ. ಕೋರಂ ಇರಲಿಲ್ಲ.

ಆದರೂ ಅರ್ಜಿ ಹಾಕಲೇಬೇಕು. ಆ ಊರಿನ ಬಸ್ಸುಗಳ ವೇಳಾಪಟ್ಟಿಯನ್ನು ಅಮ್ಮ ಆಗಲೇ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಹೋಗುವುದಲ್ಲ, ವಾಪಸು ಬರುವ ಬಸ್ಸುಗಳದ್ದು.

ಪುಸ್ತಕವನ್ನು ಫಾರ್ಮ್ ಮೇಡಂಗೆ ಕೊಟ್ಟೆ. ಓದಿದರು. ಹುಬ್ಬು ಒಂದೊಂದು ಪುಟಕ್ಕೂ ಒಂದೊಂದು ಮೆಟ್ಟಿಲು ಹತ್ತಿತು. "ಎರಡನೇ ಮಹಡಿ ಕೊನೇ ರೂಮಾ?" ಅಂದವರೇ ಗಂಟೆ ಮಾಮನನ್ನು ಕರೆಸಿದರು. ಗಂಟೆ ಮಾಮ ಅಂದರೆ ನಮ್ಮ ಅಟೆಂಡರು. ಗಂಟೆ ಹೊಡೆಯುವುದು, ಬೀಗ ಹಾಕುವುದು, ಗಡಿಯಾರ ನೋಡಿಕೊಳ್ಳುವುದು ಎಲ್ಲಾ ಅವರೇ.

"ಆ ರೂಮು ಜುಲೈಯಿಂದ ಮುಚ್ಚಿದೆ ಅಲ್ವಾ?"

"ಹೌದು ಮೇಡಂ. ಮೇಲಿಂದ ಗಾರೆ ಬೀಳ್ತಾ ಇದೆ. ಬೀಗದ ಕೈ ನನ್ ಹತ್ರಾನೇ ಇದೆ."

ಹೌದು. ಅದಕ್ಕೇ ಅಲ್ಲಿಗೆ ಯಾರೂ ಹೋಗುವುದಿಲ್ಲ. ಎಂಥ ತಲೆ ನನ್ನದು.

ಮಾಮ ನನ್ನ ಮುಖ ನೋಡಿದರು. ಪುಸ್ತಕ ನೋಡಿದರು. "ಇದನ್ನ ಓದಿ ನೋಡ್ತೀನಿ ಮೇಡಂ," ಅಂತ ಕಂಕುಳಲ್ಲಿಟ್ಟುಕೊಂಡು ಹೋದರು.

ನವೆಂಬರ್ 21

ಮಾಮನ ಜಾಗ ಮೆಟ್ಟಿಲ ಕೆಳಗೆ. ಒಂದು ಸ್ಟೂಲು, ಒಂದು ಡಬ್ಬಿ ತುಂಬ ಬ್ಯಾಟರಿ.

"ಉಪಾಧ್ಯಕ್ಷೆ ಯಾಕಮ್ಮ ರಾಜೀನಾಮೆ ಕೊಟ್ಲು?"

"ಜಗಳ ಆಯ್ತು ಮಾಮ."

"ಪಾಪ. ತಪ್ಪು ನಿಂದೇ ಇತ್ತು ಬಿಡು."

ನಗಲಿಲ್ಲ ಪುಣ್ಯಾತ್ಮ. ಜೇಬಿಂದ ಒಂದು ಸಣ್ಣ ನೋಟ್‌ಬುಕ್ಕು ತೆಗೆದರು. ಮಂಗಳವಾರ, ಮೂರನೇ ರೂಮು, ಏಳು ನಿಮಿಷ. ಶುಕ್ರವಾರ, ಎಂಟನೇ ರೂಮು, ಏಳು ನಿಮಿಷ. ಪುಟದ ಮೇಲೆ ಪುಟ. ಮೂರು ವರ್ಷದ್ದು!

"ಯಾರಿಗೂ ಹೇಳಲಿಲ್ವಾ?"

"ಹೇಳಿದ್ರೆ ನಿಂತೋಗೋದು. ಸಂಜೆ ಎಲ್ಲಾ ರೂಮಿಗೆ ಬೀಗ ಹಾಕ್ಕೊಂಡು ಬರೋವಾಗ ಇವತ್ತು ಯಾವ್ದಿರ್ಬೋದು ಅಂತ ಹುಡುಕ್ತಿದ್ದೆ. ಮಾರ್ಚಲ್ಲಿ ನಿಂತೇಹೋಯ್ತು. ಒಂದು ತಿಂಗಳು ಸ್ಟೂಲ್ ಎತ್ಕೊಂಡು ಸುತ್ತಿದೆ. ಎಲ್ಲಾ ಸರಿಯಾಗಿತ್ತು. ಹುಷಾರಿಲ್ವೇನೋ ಅಂದ್ಕೊಂಡೆ."

"ಗಡಿಯಾರಕ್ಕಾ?"

"ನಿಂಗೆ."

ಸ್ಟೂಲು ನಾನು ಎತ್ತಿಕೊಂಡೆ. ಇಬ್ಬರೂ ಒಂದು ಸುತ್ತು ಹೋದೆವು.

ನವೆಂಬರ್ 28, ಗುರುವಾರ

ಮಾಮ ಮೇಡಂಗೆ ನಿಜ ಹೇಳಿದ್ದಾರೆ — ರೂಮಿಗೆ ಬೀಗ ಇತ್ತು, ಸಂಘ ಸುಳ್ಳು. ಬೈಸಿಕೊಂಡೆ. ಚೆನ್ನಾಗಿಯೇ. ಆಮೇಲೆ ಮೇಡಂ ಒಂದು ಹೊಸ ಫಾರ್ಮು, ಒಂದು ಕಾಗದ ಮುಂದಿಟ್ಟರು. ಮಾಮನ ಅಕ್ಷರ, ದಪ್ಪ ದಪ್ಪ:

"ಈ ಹುಡುಗಿ ಮೂರು ವರ್ಷ ಮಂಗಳವಾರ, ಶುಕ್ರವಾರ ತಪ್ಪದೆ ಗಡಿಯಾರ ಕೆಡಿಸಿದ್ದಾಳೆ. ನಾನು ತಪ್ಪದೆ ಸರಿ ಮಾಡಿದ್ದೇನೆ. ಒಂದನ್ನೂ ಒಡೆದಿಲ್ಲ. ನಿಂತ ಗಡಿಯಾರ ಕಂಡರೆ ನನಗೆ ಕಾಣುವಂತೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುತ್ತಿದ್ದಳು. ಹೋದ ವಾರದಿಂದ ಸರಿ ಮಾಡುವುದಕ್ಕೂ ಬರುತ್ತಿದ್ದಾಳೆ. ಸ್ಟೂಲು ಅಲ್ಲಾಡದ ಹಾಗೆ ಹಿಡಿಯುತ್ತಾಳೆ."

"ಇದನ್ನ ಕಳಿಸಿದ್ರೆ ನಗಬಹುದು. ಇಲ್ಲಾ ನಿನ್ನ ಅರ್ಜೀನೇ ಪಕ್ಕಕ್ಕಿಡಬಹುದು," ಅಂದರು ಮೇಡಂ.

"ಖಾಲಿ ಬಿಟ್ರೆ?"

"ಖಂಡಿತ ಪಕ್ಕಕ್ಕಿಡ್ತಾರೆ. ಯೋಚನೆ ಮಾಡು. ನಾಳೆ ಸಂಜೆ ಐದಕ್ಕೆ ನಾನು ಲಕೋಟೆ ಅಂಟಿಸ್ತೀನಿ."

ಫ್ರಿಜ್ ಮೇಲೆ ಬರೆದೆ: ಅಮ್ಮ, ಹನ್ನೊಂದು ಜನ ಸುಳ್ಳು. ಒಬ್ಬರು ನಿಜ. ಭಾನುವಾರ ಕರೆಯಲಾ?

ನವೆಂಬರ್ 29, ಸಂಜೆ 4.20

ಮೆಟ್ಟಿಲ ಕೆಳಗೆ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಫ್ರಿಜ್ ಮೇಲೆ ಒಂದೇ ಸಾಲಿತ್ತು: "ಕರಿ. ಎಷ್ಟು ಗಂಟೆಗೆ ಅಂತ ಸರಿಯಾಗಿ ಹೇಳು."

ಫಾರ್ಮು ತುಂಬಿಸಿದೆ. ಚಟುವಟಿಕೆ: ಗಡಿಯಾರ ಕೆಡಿಸುವುದು, ಆಮೇಲೆ ಸರಿ ಮಾಡುವುದು. ಸದಸ್ಯರು: ಇಬ್ಬರು. ವಾರಕ್ಕೆ ಗಂಟೆ: ಎರಡು. ಸ್ಥಾನ... ಅಧ್ಯಕ್ಷೆ ಅಂತ ಬರೆದು ಹೊಡೆದುಹಾಕಿದೆ. ಸ್ಟೂಲು ಹಿಡಿಯುವವಳು. ಉಳಿದ ಒಂಬತ್ತು ಸಾಲು ಹಾಗೇ ಬೋಳು. ಇರಲಿ. ಮಾಮನ ಪತ್ರ ಜೊತೆಗಿಟ್ಟು ಮೇಡಂ ಕೈಗೆ ಕೊಟ್ಟು ಬಂದೆ. ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

ಮಾಮ ಮೇಲಿಂದ ಕೂಗುತ್ತಿದ್ದಾರೆ. "ಬಾರಮ್ಮ, ಐದನೇ ರೂಮಿನ ಗಡಿಯಾರ ಹನ್ನೊಂದು ನಿಮಿಷ ಮುಂದಿದೆ. ನಿಂದೇ ತಾನೆ ಕೆಲ್ಸ?"

ಹನ್ನೊಂದಾ? ನಾನು ಮುಟ್ಟಿಲ್ಲ. ನನ್ನದು ಯಾವತ್ತೂ ಏಳೇ. ಇಣುಕಿ ನೋಡಿದೆ. ಮೇಲಿನ ಮೆಟ್ಟಿಲಲ್ಲಿ ಮಾಮ ಗೋಡೆ ಕಡೆ ಮುಖ ಮಾಡಿ ನಿಂತಿದ್ದಾರೆ. ಭುಜ ಕುಲುಕುತ್ತಿದೆ. ಅಂದರೆ ಇದು ಅವರದೇ ಕೀಟಲೆ!